ಮೊದಲು ಹಂಚುವ ದಾರಿ, ಆಮೇಲೆ ಅಚ್ಚು: ನಗರದಲ್ಲಿ ಸ್ವತಂತ್ರ ಕವಿತೆ ಮತ್ತು ಕಲೆಯ ಲೆಕ್ಕಾಚಾರ

ಸ್ವಂತ ಖರ್ಚಿನಲ್ಲಿ ಕವನ ಸಂಕಲನ ತಂದವರ ಮನೆಯಲ್ಲಿ ಮಂಚದ ಕೆಳಗೋ ಅಟ್ಟದ ಮೇಲೋ ಕಟ್ಟು ಬಿಚ್ಚದ ಪುಸ್ತಕಗಳು ಕಾಣಸಿಗುತ್ತವೆ. ಮುನ್ನೂರೋ ಐನೂರೋ ಪ್ರತಿ ಅಚ್ಚಾಗಿರುತ್ತದೆ. ಬಿಡುಗಡೆಯ ದಿನ ಬಂದವರು ಒಂದಷ್ಟು ಕೊಂಡಿರುತ್ತಾರೆ, ಸ್ನೇಹಿತರಿಗೆ ಒಂದಷ್ಟು ಹೋಗಿರುತ್ತದೆ, ಅಲ್ಲಿಗೆ ದಾರಿ ಮುಗಿದಿರುತ್ತದೆ. ಕವಿತೆ ಚೆನ್ನಾಗಿಲ್ಲದ್ದರಿಂದಲೇ ಹೀಗಾಯಿತು ಎಂದು ಬರೆದವರು ಒಳಗೊಳಗೇ ನೊಂದುಕೊಳ್ಳುತ್ತಾರೆ. ಬಹಳ ಸಲ ಅದು ನಿಜವಲ್ಲ. ಪುಸ್ತಕ ಯಾರ ಕೈಗೆ, ಎಲ್ಲಿ, ಯಾವ ದಿನ ಸೇರಬೇಕೆಂದು ಯೋಚಿಸುವ ಮೊದಲೇ ಪ್ರತಿಗಳ ಸಂಖ್ಯೆ, ಕಾಗದ, ಬೈಂಡಿಂಗ್ ಎಲ್ಲವೂ ತೀರ್ಮಾನವಾಗಿಬಿಟ್ಟಿರುತ್ತವೆ.

ಫೋನಿನಲ್ಲಿ ಹಂಚುವವರ ಕಷ್ಟ ಬೇರೆ ಬಗೆಯದು. ಕವಿತೆಯನ್ನು ಚಿತ್ರ ಮಾಡಿ ಹಾಕಿದ ಕ್ಷಣಕ್ಕೆ ಅದು ಯಾರಿಗೆ ಕಾಣಬೇಕೆಂಬುದು ಕಂಪನಿಯ ಲೆಕ್ಕಕ್ಕೆ ಸೇರುತ್ತದೆ. ನಿಮ್ಮನ್ನು ಅನುಸರಿಸುವವರಿಗೇ ಅದು ತಲುಪದೆ ಹೋಗಬಹುದು. ಖಾತೆ ಕೈತಪ್ಪಿದರೆ ವರ್ಷಗಟ್ಟಲೆ ಹಾಕಿದ್ದೆಲ್ಲ ಒಂದೇ ದಿನದಲ್ಲಿ ಹೋಗುತ್ತದೆ. ಬರೆಯುವವರು, ಬಿಡಿಸುವವರು ಎಷ್ಟೇ ಇದ್ದರೂ ಓದುಗರತ್ತ ಹೋಗುವ ದಾರಿಯ ಕೀಲಿ ಅವರ ಕೈಯಲ್ಲಿಲ್ಲ. ಸಣ್ಣ ಪುಸ್ತಿಕೆ, ಝೀನ್ (ತಾವೇ ಬರೆದು, ನಕಲು ತೆಗೆದು ಹಂಚುವ ಕಿರುಪತ್ರಿಕೆ), ಗೋಡೆಚಿತ್ರ, ಕವಿತಾ ಓದಿನ ಸಂಜೆಗಳಿಗೆ ಇವತ್ತು ಮತ್ತೆ ಬೆಲೆ ಬಂದಿರುವುದು ಇದೇ ಕಾರಣಕ್ಕೆ. ಹಳೆಯ ಕಾಗದದ ಮೋಹದಿಂದ ಇವನ್ನು ಮಾಡಬೇಕಾಗಿಲ್ಲ. ದಾರಿಯನ್ನು ನಾವೇ ಹಾಕಿಕೊಳ್ಳಲು ಸಾಧ್ಯವಿರುವ ಕೆಲವೇ ಮಾಧ್ಯಮಗಳಲ್ಲಿ ಇವೂ ಸೇರಿವೆ ಎಂಬ ಕಾರಣವೇ ಸಾಕು.

ಹಾಗಾದರೆ ಕೆಲಸ ಶುರುವಾಗಬೇಕಾದ್ದು ಹಂಚಿಕೆಯಿಂದ. ಗಾತ್ರ, ಪುಟ, ಮುದ್ರಣ ವಿಧಾನ, ಬೆಲೆ ಎಲ್ಲವೂ ಅದರಿಂದಲೇ ಇಳಿದು ಬರುತ್ತವೆ.

ವಿಳಾಸ ಮೊದಲು, ಪತ್ರಿಕೆ ಆಮೇಲೆ

1930ರ ದಶಕದಲ್ಲಿ ಅಮೆರಿಕದ ವೈಜ್ಞಾನಿಕ ಕತೆಗಳ ಓದುಗರು ತಾವೇ ಬರೆದು, ನಕಲು ತೆಗೆದು, ಅಂಚೆಯಲ್ಲಿ ಹಂಚಿಕೊಳ್ಳುತ್ತಿದ್ದ ಕಿರುಪತ್ರಿಕೆಗಳಿಂದ ‘ಝೀನ್’ ಎಂಬ ಹೆಸರು ಬಂದಿದೆ. ಆ ಓದುಗರು ಒಬ್ಬರಿಗೊಬ್ಬರು ಪರಿಚಯವಾದದ್ದು ದೊಡ್ಡ ಪತ್ರಿಕೆಗಳ ವಾಚಕರ ಪತ್ರ ವಿಭಾಗದಲ್ಲಿ. ಅಲ್ಲಿ ಪತ್ರದ ಜೊತೆ ಬರೆದವರ ವಿಳಾಸವನ್ನೂ ಅಚ್ಚು ಹಾಕುತ್ತಿದ್ದರು. ವಿಳಾಸಗಳ ಪಟ್ಟಿ ಮೊದಲು ಸಿಕ್ಕಿತು, ಪತ್ರಿಕೆ ಆಮೇಲೆ ಹುಟ್ಟಿತು.

ಸೋವಿಯತ್ ಒಕ್ಕೂಟದಲ್ಲಿ ಸರ್ಕಾರದ ಕಣ್ತಪ್ಪಿಸಿ ನಡೆಯುತ್ತಿದ್ದ ‘ಸಮಿಜ್‌ದಾತ್’ ಎಂಬ ಸ್ವಪ್ರಕಾಶನ ಇನ್ನೂ ಸ್ಪಷ್ಟವಾದ ಉದಾಹರಣೆ. ತೆಳುವಾದ ಹಾಳೆಗಳ ನಡುವೆ ಕಾರ್ಬನ್ ಇಟ್ಟು ಟೈಪ್ ಮಾಡಿದರೆ ಒಂದು ಸಲಕ್ಕೆ ನಾಲ್ಕೈದು ಪ್ರತಿ ಬರುತ್ತಿತ್ತು, ಕೊನೆಯದು ಕಷ್ಟಪಟ್ಟು ಓದುವಷ್ಟು ಮಸುಕು. ಓದಿದವರು ತಾವೂ ಟೈಪ್ ಮಾಡಿ ಇನ್ನು ನಾಲ್ಕು ಜನರಿಗೆ ಕೊಡುತ್ತಿದ್ದರು. ಹಂಚುವವರೇ ಅಚ್ಚು ಮಾಡುವವರೂ ಆಗಿದ್ದರು. 2003ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಶುರುವಾದ ‘ಎಲೊಯ್ಸಾ ಕಾರ್ತೊನೆರಾ’ ಎಂಬ ಪುಟ್ಟ ಪ್ರಕಾಶನ, ಬೀದಿಯಲ್ಲಿ ರಟ್ಟು ಆಯುವವರಿಂದ ರಟ್ಟು ಕೊಂಡು, ಅದಕ್ಕೆ ಕೈಯಿಂದ ಬಣ್ಣ ಬಳಿದು ರಕ್ಷಾಪುಟ ಮಾಡಿತು. ಆರ್ಥಿಕ ಕುಸಿತದ ನಂತರದ ಆ ನಗರದಲ್ಲಿ ಅದು ಜನರ ಕೈಗೆಟುಕುವ ಪುಸ್ತಕವಾಗಿತ್ತು. ಮಾದರಿ ಲ್ಯಾಟಿನ್ ಅಮೆರಿಕದ ಇತರ ದೇಶಗಳಿಗೂ ಹಬ್ಬಿತು. ಈ ಮೂರರಲ್ಲೂ ಪುಸ್ತಿಕೆ ನೋಡಲು ಹೇಗಿತ್ತು ಎಂಬುದನ್ನು ನಿರ್ಧರಿಸಿದ್ದು ಅದು ಹೋಗಬೇಕಾದ ದಾರಿ.

ಎಷ್ಟು ಪ್ರತಿ?

ನಗರ ಸ್ವತಂತ್ರ ಕಲೆಗೆ ಕೊಡುವ ದೊಡ್ಡ ಅನುಕೂಲ ಜನಸಂಖ್ಯೆ ಎಂದುಕೊಳ್ಳುವುದುಂಟು. ಒಂದೇ ಜಾಗಕ್ಕೆ ಅದೇ ಜನ ಮತ್ತೆ ಮತ್ತೆ ಬರುವುದು ಅದಕ್ಕಿಂತ ದೊಡ್ಡ ಅನುಕೂಲ. ಗ್ರಂಥಾಲಯ, ಪುಸ್ತಕದಂಗಡಿ, ರಂಗಮಂದಿರದ ಹೊರಾಂಗಣ, ಕಾಲೇಜಿನ ಕ್ಯಾಂಟೀನು, ಕ್ಷೌರದಂಗಡಿ, ದವಾಖಾನೆಯ ಕಾಯುವ ಕೋಣೆ ಇವೆಲ್ಲ ಅಂಥ ಜಾಗಗಳು. ಜನ ಕಾಯುತ್ತ ಕೂರುವಲ್ಲಿ ಕವಿತೆ ಓದುತ್ತಾರೆ. ಅವಸರದಲ್ಲಿ ದಾಟಿಹೋಗುವಲ್ಲಿ ಓದುವುದಿಲ್ಲ.

ಒಂದು ಹಾಳೆ ತೆಗೆದುಕೊಂಡು ನೀವು, ನಿಮ್ಮ ಜೊತೆಗಾರರು ತಿಂಗಳಿಗೆ ಎರಡು ಸಲವಾದರೂ ಹೇಗಿದ್ದರೂ ಹೋಗುವ ಜಾಗಗಳನ್ನಷ್ಟೇ ಬರೆಯಿರಿ. ಪುಸ್ತಿಕೆ ಇಡಲೆಂದೇ ವಿಶೇಷವಾಗಿ ಹೋಗಬೇಕಾದ ಜಾಗವನ್ನು ಪಟ್ಟಿಗೆ ಸೇರಿಸಬೇಡಿ, ಎರಡನೇ ತಿಂಗಳಿಗೆ ಅದು ನಿಂತುಹೋಗುತ್ತದೆ. ಎಂಟು ಜಾಗ ಸಿಕ್ಕಿತು ಎನ್ನಿ, ಒಂದೊಂದರಲ್ಲಿ 4 ಪ್ರತಿ, ಒಟ್ಟು 32. ಬರೆದವರು, ಬಿಡಿಸಿದವರು 8 ಜನ, ತಲಾ 3 ಪ್ರತಿಯಂತೆ 24. ಒಂದು ಓದಿನ ಸಂಜೆಗೆ 20. ಎತ್ತಿಡಲು 5. ಒಟ್ಟು 81. ಮಡಿಸುವಾಗ, ಕತ್ತರಿಸುವಾಗ ಕೆಡುವುದಕ್ಕೆ ಇನ್ನು ನಾಲ್ಕು ಸೇರಿಸಿದರೆ 85. ಮೊದಲ ಮುದ್ರಣ ಅಷ್ಟೇ ಇರಲಿ. ಸಾಲದೆ ಬಂದರೆ ಎರಡನೇ ಸಲ ತೆಗೆಯುವುದು ಒಂದು ವಾರದ ಕೆಲಸ. ಮುನ್ನೂರು ಅಚ್ಚು ಹಾಕಿಸಿ ಉಳಿದುಬಿಟ್ಟ 215 ಪ್ರತಿಗಳನ್ನು ಏನು ಮಾಡುವುದೆಂಬ ಚಿಂತೆ ವರ್ಷಗಳದು.

ಒಂದು ಜಾಗದಲ್ಲಿ ಮೊದಲಿಗೆ ನಾಲ್ಕಕ್ಕಿಂತ ಹೆಚ್ಚು ಇಡಬಾರದು ಎನ್ನುವುದಕ್ಕೂ ಕಾರಣವಿದೆ. ಐವತ್ತರ ರಾಶಿ ಕಂಡರೆ ಅದು ಜಾಹೀರಾತಿನ ಕರಪತ್ರದಂತೆ ಕಾಣುತ್ತದೆ, ಜಾಗದ ಮಾಲೀಕರಿಗೂ ಅಡ್ಡಿ. ಮೂರು ನಾಲ್ಕು ಇದ್ದರೆ ಕೈಹಾಕುವವರಿದ್ದಾರೆ. ಎರಡು ವಾರಕ್ಕೊಮ್ಮೆ ಎಣಿಸಿ ನೋಡಿ. ಪೂರ್ತಿ ಖಾಲಿಯಾಗಿದ್ದರೆ ಮುಂದಿನ ಸಲ 6 ಇಡಿ. ಒಂದೂ ಕದಲಿಲ್ಲವಾದರೆ ಜಾಗ ಬದಲಿಸುವ ಮೊದಲು ಎತ್ತರ ನೋಡಿ: ಕೂತವರ ಕೈಗೆಟುಕುವಲ್ಲಿದೆಯೇ, ಮುಖಪುಟ ಮೇಲಾಗಿದೆಯೇ. ಎಣಿಕೆಯನ್ನು ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡಿ. ಮೂರನೇ ಸಂಚಿಕೆಯ ಹೊತ್ತಿಗೆ ಯಾವ ಅಂಕಿಅಂಶವೂ ಹೇಳಲಾಗದ್ದನ್ನು ಆ ಪುಸ್ತಕ ಹೇಳುತ್ತದೆ.

ಹಾಳೆಯ ಲೆಕ್ಕ

85 ಪ್ರತಿಗೆ, ಕೈಯಲ್ಲಿ ಹಿಡಿದು ಓದುವುದಕ್ಕೆ, ಎ4 ಹಾಳೆಯನ್ನು ನಡುವೆ ಮಡಿಸಿದ ಎ5 ಪುಸ್ತಿಕೆಯಷ್ಟು ಸಲೀಸಾದದ್ದು ಇನ್ನೊಂದಿಲ್ಲ. ಒಂದು ಹಾಳೆಗೆ ನಾಲ್ಕು ಪುಟ. ಹಾಗಾಗಿ ಪುಟಗಳ ಸಂಖ್ಯೆ ಯಾವಾಗಲೂ ನಾಲ್ಕರ ಗುಣಕವಾಗಿರಬೇಕು: 12, 16, 20. ಹದಿನೇಳನೇ ಪುಟಕ್ಕೆ ಒಂದು ಕವಿತೆ ಹೆಚ್ಚಾದರೆ ಮೂರು ಖಾಲಿ ಪುಟ ಜೊತೆಗೆ ಬರುತ್ತವೆ. ಆಗ ಕವಿತೆಯನ್ನು ಬಿಡುವುದೋ ಇನ್ನು ಮೂರು ಪುಟ ತುಂಬುವುದೋ ಎಂದು ಮೊದಲೇ ತೀರ್ಮಾನಿಸಿಕೊಳ್ಳಿ. ಅಕ್ಷರ ಸಣ್ಣದು ಮಾಡಿ ತುರುಕುವುದು ಕೆಟ್ಟ ಉಪಾಯ.

ಪುಟಗಳನ್ನು ಹಾಳೆಯ ಮೇಲೆ ಕೂರಿಸುವುದರಲ್ಲಿ ಬಹಳ ಜನ ಎಡವುತ್ತಾರೆ. 16 ಪುಟಕ್ಕೆ ನಾಲ್ಕು ಹಾಳೆ. ಹೊರಗಿನ ಹಾಳೆಯ ಮುಂಬದಿಯಲ್ಲಿ ಎಡಕ್ಕೆ 16, ಬಲಕ್ಕೆ 1. ಅದರ ಹಿಂಬದಿಯಲ್ಲಿ 2 ಮತ್ತು 15. ಎರಡನೆಯದರಲ್ಲಿ 14 ಮತ್ತು 3, ಹಿಂದೆ 4 ಮತ್ತು 13. ಮೂರನೆಯದರಲ್ಲಿ 12 ಮತ್ತು 5, ಹಿಂದೆ 6 ಮತ್ತು 11. ನಡುವಿನ ಹಾಳೆಯಲ್ಲಿ 10 ಮತ್ತು 7, ಹಿಂದೆ 8 ಮತ್ತು 9. ಅಕ್ಕಪಕ್ಕದ ಎರಡು ಪುಟಸಂಖ್ಯೆ ಕೂಡಿದರೆ ಪ್ರತಿ ಸಲವೂ 17 ಬರಬೇಕು. ಬರದಿದ್ದರೆ ಎಲ್ಲೋ ತಪ್ಪಿದೆ. ಪ್ರಿಂಟರ್‌ನ ಬುಕ್‌ಲೆಟ್ ಆಯ್ಕೆ ಇದನ್ನು ತಾನೇ ಮಾಡುತ್ತದೆ, ಆದರೆ ಎರಡೂ ಬದಿ ಮುದ್ರಿಸುವಾಗ ಹಾಳೆಯನ್ನು ಗಿಡ್ಡ ಅಂಚಿನಲ್ಲಿ ತಿರುಗಿಸುವಂತೆ ಹೇಳಬೇಕು. ಉದ್ದ ಅಂಚಿನಲ್ಲಿ ತಿರುಗಿದರೆ ಹಿಂಬದಿ ತಲೆಕೆಳಗಾಗುತ್ತದೆ. ಒಂದು ಪ್ರತಿ ತೆಗೆದು, ಮಡಿಸಿ, ಮೊದಲಿನಿಂದ ಕೊನೆಯವರೆಗೆ ತಿರುವಿ ನೋಡುವವರೆಗೂ ಉಳಿದದ್ದನ್ನು ಮುದ್ರಿಸಬೇಡಿ.

ಒಳಪುಟಕ್ಕೆ 80 ಅಥವಾ 90 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಅಳತೆ) ಸಾಕು. 70ಕ್ಕೆ ಇಳಿದರೆ ಹಿಂದಿನ ಪುಟದ ಚಿತ್ರ ಮುಂದಿನ ಕವಿತೆಯ ಮೇಲೆ ನೆರಳಿನಂತೆ ಕಾಣಬಹುದು. 80 ಜಿಎಸ್‌ಎಂ ಎ4 ಹಾಳೆ ಒಂದಕ್ಕೆ ಹೆಚ್ಚುಕಡಿಮೆ 5 ಗ್ರಾಂ. ನಾಲ್ಕು ಹಾಳೆ ಮತ್ತು 200 ಜಿಎಸ್‌ಎಂ ರಕ್ಷಾಪುಟ ಸೇರಿ ಪುಸ್ತಿಕೆ ಸುಮಾರು 32.5 ಗ್ರಾಂ ತೂಗುತ್ತದೆ. ಅಂಚೆಯಲ್ಲಿ ಕಳಿಸುವವರು ಲಕೋಟೆಯ ತೂಕವನ್ನೂ ಸೇರಿಸಿ ದರದ ಹಂತ ಎಲ್ಲಿ ಬದಲಾಗುತ್ತದೆಂದು ನೋಡಿಕೊಂಡರೆ, ಒಂದು ಹಾಳೆ ಕಡಿಮೆ ಮಾಡುವುದರಿಂದ ಎಷ್ಟು ಉಳಿಯುತ್ತದೆ ಎಂಬುದು ಗೊತ್ತಾಗುತ್ತದೆ.

ಇದೂ ಹೆಚ್ಚಾಯಿತೆನ್ನುವವರು ಒಂದೇ ಹಾಳೆಯ ಎಂಟು ಪುಟದ ಝೀನ್‌ನಿಂದ ಶುರುಮಾಡಬಹುದು. ಎ4 ಹಾಳೆಯನ್ನು ಎಂಟು ಭಾಗವಾಗಿ ಮಡಿಸಿ, ಬಿಚ್ಚಿ, ಉದ್ದ ಮಡಿಕೆಯ ಗೆರೆಯ ಮೇಲೆ ನಡುವಿನ ಎರಡು ಭಾಗಗಳಷ್ಟು ಮಾತ್ರ ಕತ್ತರಿಸಿ, ಉದ್ದಕ್ಕೆ ಮಡಿಸಿ ಒಳಕ್ಕೆ ತಳ್ಳಿದರೆ ಜೇಬಿಗೆ ಹಿಡಿಸುವ ಪುಸ್ತಿಕೆ ಆಗುತ್ತದೆ. ಒಂದು ಬದಿಯ ಮುದ್ರಣ ಸಾಕು, ಪಿನ್ನೂ ಬೇಡ. ಮೇಲಿನ ಸಾಲಿನ ನಾಲ್ಕು ಪುಟ ತಲೆಕೆಳಗಾಗಿರಬೇಕು ಎಂಬುದೊಂದನ್ನು ಮರೆಯಬಾರದು. ಹಾಸ್ಯಚಿತ್ರಕ್ಕೆ, ನಾಲ್ಕು ಸಾಲಿನ ಕವಿತೆಗಳಿಗೆ ಇದು ಹೇಳಿ ಮಾಡಿಸಿದ್ದು. ಉದ್ದ ಸಾಲಿನ ಕವಿತೆ ಇದರಲ್ಲಿ ಉಸಿರುಗಟ್ಟುತ್ತದೆ.

ಅಕ್ಷರ, ಸಾಲು, ಒತ್ತು

ಕನ್ನಡ ಕವಿತೆಯನ್ನು ಅಚ್ಚಿಗೆ ಇಳಿಸುವಾಗ ಕೆಡುವುದು ಹೆಚ್ಚಾಗಿ ಸಾಲಿನ ಅಂತರದಲ್ಲಿ. ನಮ್ಮ ಅಕ್ಷರಗಳು ಮೇಲಕ್ಕೂ ಕೆಳಕ್ಕೂ ಬೆಳೆಯುತ್ತವೆ. ‘ಸ್ತ್ರೀ’ಯಂಥ ಅಕ್ಷರದಲ್ಲಿ ಒತ್ತಿನ ಪಕ್ಕಕ್ಕೆ ಇನ್ನೊಂದು ಒತ್ತು ಇರುತ್ತದೆ, ಮೇಲೆ ಗುಡಿಸು ಇರುತ್ತದೆ. ಇಂಗ್ಲಿಷಿಗೆಂದು ಇಟ್ಟ ಅಂತರವನ್ನೇ ಬಿಟ್ಟರೆ ಈ ಸಾಲಿನ ಒತ್ತು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕೆಲವು ತಂತ್ರಾಂಶಗಳಲ್ಲಿ ಒತ್ತಿನ ತುದಿಯೇ ಕತ್ತರಿಸಿಹೋಗುತ್ತದೆ. ಅಕ್ಷರ 12 ಪಾಯಿಂಟ್ ಇದ್ದರೆ ಸಾಲಿನ ಅಂತರ 18ರಿಂದ 19 ಪಾಯಿಂಟ್ ಕೊಡಿ. ಜೆರಾಕ್ಸ್‌ನಲ್ಲಿ ಅಚ್ಚಾಗುವುದಾದರೆ ತೀರಾ ತೆಳುವಾದ ಫಾಂಟ್ ಬೇಡ, ಒತ್ತಿನ ಸಣ್ಣ ಗೆರೆಗಳು ಮಾಯವಾಗುತ್ತವೆ.

ಬರಹಗಾರರು ಕಳಿಸುವ ಕಡತಗಳಲ್ಲಿ ಕೆಲವು ಯೂನಿಕೋಡ್, ಕೆಲವು ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿರುತ್ತವೆ. ಹಳೆಯವು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತಂದ ಮೇಲೆ ಅರ್ಕಾವತ್ತು, ಒತ್ತಕ್ಷರ, ದೀರ್ಘ ಇವನ್ನು ಒಂದೊಂದಾಗಿ ಮೂಲದೊಂದಿಗೆ ಹೋಲಿಸಿ ನೋಡಬೇಕು. ತಪ್ಪುವುದು ಅಲ್ಲಿಯೇ. ಪುಟವಿನ್ಯಾಸಕ್ಕೆ ಇನ್‌ಡಿಸೈನ್ ಬಳಸುವವರು ಪ್ಯಾರಾಗ್ರಾಫ್ ಕಂಪೋಸರನ್ನು ‘ವರ್ಲ್ಡ್ ರೆಡಿ’ಗೆ ಬದಲಿಸಬೇಕು, ಇಲ್ಲದಿದ್ದರೆ ಅಕ್ಷರ ಮತ್ತು ಒತ್ತು ಬಿಡಿಬಿಡಿಯಾಗುತ್ತವೆ. ಹಣ ಕೊಡದೆ ಸಿಗುವ ಸ್ಕ್ರೈಬಸ್‌ನ 1.4 ಸರಣಿ ಕನ್ನಡವನ್ನು ಸರಿಯಾಗಿ ಜೋಡಿಸುವುದಿಲ್ಲ, ಅದಕ್ಕಿಂತ ಹೊಸದನ್ನು ಹಾಕಿಕೊಳ್ಳಿ. ಮುಕ್ತ ಪರವಾನಗಿಯ ನೋಟೊ ಸೆರಿಫ್ ಕನ್ನಡ, ಟಿರೊ ಕನ್ನಡ ಫಾಂಟ್‌ಗಳನ್ನು ಮುದ್ರಣಕ್ಕೆ ನಿಶ್ಚಿಂತೆಯಿಂದ ಬಳಸಬಹುದು.

ಕವಿತೆಯ ಸಾಲನ್ನು ಮುರಿಯುವ ಹಕ್ಕು ಕವಿಯದು, ಪುಟದ ಅಗಲದ್ದಲ್ಲ. ಎಲ್ಲ ಕವಿತೆಗಳಲ್ಲಿ ಅತಿ ಉದ್ದದ ಸಾಲು ಯಾವುದೆಂದು ಹುಡುಕಿ, ಅದು ಹಿಡಿಸುವಂತೆ ಅಂಚು ಮತ್ತು ಅಕ್ಷರದ ಗಾತ್ರ ಗೊತ್ತುಮಾಡಿ. ಎ5 ಪುಟದ ಅಗಲ 148 ಮಿಲಿಮೀಟರ್. ಮಡಿಕೆಯ ಕಡೆ 18, ಹೊರಗೆ 15 ಬಿಟ್ಟರೆ 115 ಉಳಿಯುತ್ತದೆ. ಆದರೂ ಹಿಡಿಸದಿದ್ದರೆ ಉಳಿದ ಪದಗಳನ್ನು ಕೆಳಗೆ ಒಳಸರಿಸಿ ಹಾಕಿ, ಅದು ಹೊಸ ಸಾಲಲ್ಲ ಎಂದು ಓದುಗರಿಗೆ ತಿಳಿಯುವಂತಿರಲಿ. ಕವಿತೆಗೆ ಎರಡೂ ಅಂಚು ಸಮ ಮಾಡುವ ಜೋಡಣೆ ಯಾವತ್ತೂ ಬೇಡ.

ಯಾವ ಯಂತ್ರ?

85 ಪ್ರತಿಗೆ ಲೇಸರ್ ಪ್ರಿಂಟ್ ಅಥವಾ ಜೆರಾಕ್ಸ್ ಸರಿ. ಆಫ್‌ಸೆಟ್‌ಗೆ ಪ್ಲೇಟ್ ಮಾಡಿಸುವ ಖರ್ಚು ಹತ್ತು ಪ್ರತಿಗೂ ಸಾವಿರ ಪ್ರತಿಗೂ ಒಂದೇ, ಹಾಗಾಗಿ ಕೆಲವು ನೂರು ದಾಟಿದ ಮೇಲೆಯೇ ಅದು ಅಗ್ಗ ಬೀಳುವುದು. ಸ್ವತಂತ್ರ ಸಂಕಲನಗಳು ಬೇಕಿಲ್ಲದಿದ್ದರೂ ಐನೂರು ಪ್ರತಿ ಆಗುವುದಕ್ಕೆ ಈ ಲೆಕ್ಕವೇ ಮೂಲ: ಒಂದು ಪ್ರತಿಯ ಖರ್ಚು ಇಳಿಯಿತೆಂದು ಸಂಖ್ಯೆ ಏರಿಸುತ್ತಾರೆ. ಖರ್ಚನ್ನು ಅಚ್ಚಾದ ಪ್ರತಿಗಳಿಂದ ಭಾಗಿಸಬೇಡಿ, ಓದುಗರ ಕೈಸೇರುವ ಪ್ರತಿಗಳಿಂದ ಭಾಗಿಸಿ. ಆಗ ಚಿಕ್ಕ ಮುದ್ರಣವೇ ಅಗ್ಗವೆಂದು ತಿಳಿಯುತ್ತದೆ.

ಲೇಸರ್‌ನಲ್ಲಿ ಬಣ್ಣದ ಪುಡಿಯನ್ನು ಬಿಸಿಯಿಂದ ಕಾಗದಕ್ಕೆ ಅಂಟಿಸುತ್ತಾರೆ, ಅದು ಕಾಗದದೊಳಕ್ಕೆ ಇಳಿಯುವುದಿಲ್ಲ. ರಕ್ಷಾಪುಟಕ್ಕೆ ಪೂರ್ತಿ ಕಪ್ಪು ಬಳಿದರೆ ಮಡಿಕೆಯಲ್ಲಿ ಬಿರುಕು ಬಿಟ್ಟು ಬಿಳಿ ಗೆರೆ ಕಾಣುವುದು ಅದಕ್ಕೇ. ಮಡಿಕೆಯ ಆಚೀಚೆ 5 ಮಿಲಿಮೀಟರ್ ಜಾಗವನ್ನು ಬಣ್ಣವಿಲ್ಲದೆ ಬಿಡಿ, ಇಲ್ಲವೇ ರಕ್ಷಾಪುಟಕ್ಕೆ ಬಣ್ಣದ ಕಾಗದವನ್ನೇ ಬಳಸಿ. ಮಾಮೂಲಿ ಪ್ರಿಂಟರ್‌ಗಳು ಹಾಳೆಯ ನಾಲ್ಕೂ ಅಂಚಿನಲ್ಲಿ 4-5 ಮಿಲಿಮೀಟರ್ ಮುದ್ರಿಸುವುದಿಲ್ಲ. ಅಂಚಿನವರೆಗೂ ಚಿತ್ರ ಬೇಕಿದ್ದರೆ ದೊಡ್ಡ ಹಾಳೆಯಲ್ಲಿ 3 ಮಿಲಿಮೀಟರ್ ಹೆಚ್ಚುವರಿ ಚಿತ್ರ ಇಟ್ಟು ಮುದ್ರಿಸಿ ಕತ್ತರಿಸಬೇಕು.

ಜಪಾನಿನ ರಿಸೋ ಕಂಪನಿಯ ಡೂಪ್ಲಿಕೇಟರ್ ಯಂತ್ರಗಳನ್ನು ಕಲಾವಿದರು ಮೆಚ್ಚಿಕೊಂಡಿದ್ದಾರೆ. ಮೂಲತಃ ಅದು ಶಾಲೆ, ಕಚೇರಿಗಳಲ್ಲಿ ಪ್ರಶ್ನೆಪತ್ರಿಕೆ, ಸುತ್ತೋಲೆ ತೆಗೆಯುವ ಯಂತ್ರ. ಮಾಸ್ಟರ್ ಹಾಳೆಯಲ್ಲಿ ಸಣ್ಣ ತೂತುಗಳಾಗಿ, ಡ್ರಮ್ಮಿನ ಶಾಯಿ ಅವುಗಳ ಮೂಲಕ ಕಾಗದಕ್ಕೆ ಇಳಿಯುತ್ತದೆ. ಒಂದು ಡ್ರಮ್ಮಿಗೆ ಒಂದು ಬಣ್ಣ. ಎರಡು ಬಣ್ಣದ ಚಿತ್ರಕ್ಕೆ ಎರಡು ಬೂದುವರ್ಣದ ಕಡತ ಕೊಡಬೇಕು, ಸಾಮಾನ್ಯ ಯಂತ್ರದಲ್ಲಿ ಕಾಗದ ಎರಡು ಸಲ ಹಾಯಬೇಕು. ಎರಡನೇ ಸಲ ಒಂದೆರಡು ಮಿಲಿಮೀಟರ್ ಸರಿಯುವುದು ಸಹಜ, ಅದನ್ನು ಒಪ್ಪಿಕೊಂಡೇ ಚಿತ್ರ ಬಿಡಿಸಿ. ಕೂದಲೆಳೆಯ ಗೆರೆಯೊಳಗೆ ಬಣ್ಣ ತುಂಬುವ ಚಿತ್ರಕ್ಕೆ ಇದು ಹೊಂದುವುದಿಲ್ಲ. ಶಾಯಿಯನ್ನು ಬಿಸಿಯಲ್ಲಿ ಒಣಗಿಸುವುದಿಲ್ಲವಾದ್ದರಿಂದ ನುಣುಪು ಲೇಪನದ ಕಾಗದದ ಮೇಲೆ ಅದು ಕೈಗಂಟುತ್ತಲೇ ಇರುತ್ತದೆ, ಒರಟು ಕಾಗದವೇ ಬೇಕು. ಮೊದಲ ಬಣ್ಣ ಒಂದು ದಿನ ಆರಿದ ಮೇಲೆ ಎರಡನೆಯದು ಹಾಕಿದರೆ ರೋಲರ್ ಗುರುತು ಬೀಳುವುದು ಕಡಿಮೆ.

ಚಿತ್ರದ ಕಡತಗಳ ಬಗ್ಗೆ ಇಷ್ಟು ಸಾಕು: ಎ5 ಪೂರ್ತಿ ಪುಟಕ್ಕೆ 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆ) 1748 x 2480 ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಪರದೆಯ ಮೇಲೆ ಮಿಂಚುವ ಹಸಿರು, ನೀಲಿಗಳು ಕಾಗದದ ಮೇಲೆ ಮಂಕಾಗುತ್ತವೆ ಎಂದು ಕಲಾವಿದರಿಗೆ ಮೊದಲೇ ತಿಳಿಸಿ, ಒಂದು ಪುಟದ ಪ್ರೂಫ್ ತೋರಿಸಿ. ಅಚ್ಚಾದ ಮೇಲೆ ಮನಸ್ತಾಪ ಬರುವುದು ಇಲ್ಲಿಂದಲೇ.

ಮಡಿಕೆ ಮತ್ತು ದಾರ

ಕಾಗದಕ್ಕೆ ನಾರಿನ ದಿಕ್ಕಿದೆ. ಎ4 ಹಾಳೆಗಳಲ್ಲಿ ಅದು ಸಾಮಾನ್ಯವಾಗಿ ಉದ್ದಕ್ಕೆ ಇರುತ್ತದೆ, ನಾವು ಮಡಿಸುವುದು ಅದಕ್ಕೆ ಅಡ್ಡಲಾಗಿ. 80 ಜಿಎಸ್‌ಎಂನಲ್ಲಿ ತೊಂದರೆಯಿಲ್ಲ. 200 ಜಿಎಸ್‌ಎಂ ರಕ್ಷಾಪುಟದ ಮಡಿಕೆ ಮಾತ್ರ ಸಿಬಿರು ಸಿಬಿರಾಗುತ್ತದೆ. ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲ್ ಇಟ್ಟು ಮಡಿಕೆಯ ಜಾಗದಲ್ಲಿ ಒತ್ತಿ ಗೆರೆ ಎಳೆದು ಆಮೇಲೆ ಮಡಿಸಿದರೆ ನೀಟಾಗಿ ಕೂರುತ್ತದೆ.

ಪಿನ್ ಹಾಕಲು ಮಾಮೂಲಿ ಸ್ಟೇಪ್ಲರ್‌ನ ಬಾಯಿ ಹಾಳೆಯ ನಡುವಿನವರೆಗೆ ಹೋಗುವುದಿಲ್ಲ. ಉದ್ದ ತೋಳಿನ ಸ್ಟೇಪ್ಲರ್ ಇಲ್ಲದಿದ್ದರೆ ಹೀಗೆ ಮಾಡಿ: ಪುಸ್ತಿಕೆಯನ್ನು ತೆರೆದು ರಕ್ಷಾಪುಟ ಮೇಲಾಗುವಂತೆ ದಪ್ಪ ರಟ್ಟಿನ ಮೇಲಿಡಿ. ಸ್ಟೇಪ್ಲರನ್ನು ಪೂರ್ತಿ ಬಿಚ್ಚಿ, ಮೇಲಿನ ಭಾಗವನ್ನು ಮಡಿಕೆಯ ಗೆರೆಯ ಮೇಲಿಟ್ಟು ಒತ್ತಿ. ಪಿನ್ನಿನ ಕಾಲುಗಳು ರಟ್ಟಿಗೆ ಇಳಿಯುತ್ತವೆ. ಮೆಲ್ಲಗೆ ಎತ್ತಿ, ತಿರುಗಿಸಿ, ಚಮಚದ ಹಿಂಬದಿಯಿಂದ ಕಾಲುಗಳನ್ನು ಒಳಕ್ಕೆ ಮಡಚಿ. ಮೇಲಿನಿಂದ 52 ಮತ್ತು 158 ಮಿಲಿಮೀಟರ್‌ನಲ್ಲಿ ಒಂದೊಂದು ಪಿನ್ ಸಾಕು.

ದಾರದ ಹೊಲಿಗೆ ಇದಕ್ಕಿಂತ ಎರಡು ನಿಮಿಷ ಹೆಚ್ಚು ತಿನ್ನುತ್ತದೆ, ತೇವದ ಹವೆಯಲ್ಲಿ ಪಿನ್ನಿನಂತೆ ತುಕ್ಕು ಹಿಡಿದು ಕಾಗದ ಕೆಡಿಸುವುದಿಲ್ಲ. ಮಡಿಕೆಯ ನಡುವೆ 105 ಮಿಲಿಮೀಟರ್‌ನಲ್ಲಿ ಒಂದು, ಎರಡೂ ತುದಿಯಿಂದ 40 ಮಿಲಿಮೀಟರ್ ಒಳಗೆ ಒಂದೊಂದು, ಒಟ್ಟು ಮೂರು ತೂತು. ಎಲ್ಲ ಹಾಳೆಗಳನ್ನೂ ರಕ್ಷಾಪುಟವನ್ನೂ ಜೋಡಿಸಿಟ್ಟುಕೊಂಡೇ ದಬ್ಬಳದಿಂದ ಚುಚ್ಚಿ. ದಾರ ಬೆನ್ನಿನ ಎರಡೂವರೆ ಪಟ್ಟು, ಅಂದರೆ ಸುಮಾರು 52 ಸೆಂಟಿಮೀಟರ್. ಒಳಗಿನಿಂದ ನಡುತೂತಿನಲ್ಲಿ ಹೊರಗೆ ಬನ್ನಿ, ಮೇಲಿನ ತೂತಿನಿಂದ ಒಳಗೆ ಹೋಗಿ, ನಡುವನ್ನು ಬಿಟ್ಟು ಕೆಳಗಿನ ತೂತಿನಿಂದ ಹೊರಗೆ ಬನ್ನಿ, ಮತ್ತೆ ನಡುತೂತಿನಿಂದ ಒಳಗೆ. ಈಗ ದಾರದ ಎರಡು ತುದಿಗಳು ಒಳಗಿರುವ ಉದ್ದ ಎಳೆಯ ಆಚೆಗೊಂದು ಈಚೆಗೊಂದು ಇರಬೇಕು. ಆ ಎಳೆಯನ್ನು ಸೇರಿಸಿ ಗಂಟು ಹಾಕಿ. ಎರಡೂ ತುದಿ ಒಂದೇ ಬದಿಯಲ್ಲಿದ್ದರೆ ಹೊಲಿಗೆ ಸಡಿಲಾಗಿ ಹಾಳೆಗಳು ಜಾರುತ್ತವೆ. ದಾರವನ್ನು ಬೆನ್ನಿನ ನೇರಕ್ಕೆ ಎಳೆದು ಬಿಗಿ ಮಾಡಿ. ಅಡ್ಡಕ್ಕೆ ಎಳೆದರೆ ತೂತು ಹರಿಯುತ್ತದೆ.

ಹಾಳೆಗಳನ್ನು ಒಂದರೊಳಗೊಂದು ಇಟ್ಟಾಗ ಒಳಗಿನವು ಸ್ವಲ್ಪ ಹೊರಚಾಚುತ್ತವೆ. ಹತ್ತು ಹಾಳೆಗೆ ಒಂದು ಮಿಲಿಮೀಟರಿಗೂ ಮಿಕ್ಕಿ. ಅಂಚನ್ನು ಕೊನೆಗೆ ಕತ್ತರಿಸಿ ಸಮಮಾಡುವುದರಿಂದ ಪುಟಸಂಖ್ಯೆಯನ್ನು ಅಂಚಿನಿಂದ 10 ಮಿಲಿಮೀಟರ್ ಒಳಗಿಡಿ. 85 ಪ್ರತಿ ಮಡಿಸಿ ಹೊಲಿಯುವುದು ನಾಲ್ಕು ಜನರಿಗೆ ಒಂದು ಮಧ್ಯಾಹ್ನದ ಕೆಲಸ. ಒಬ್ಬರೇ ಮಾಡಲು ಹೊರಟರೆ ಮುಂದಿನ ಸಂಚಿಕೆ ಬರುವುದು ಕಷ್ಟ.

ಬೆಲೆ

ಉಚಿತವಾಗಿ ಕೊಡುವುದೋ ಮಾರುವುದೋ ಎಂಬ ವಾದ ಬೇಕಿಲ್ಲದಷ್ಟು ಬಿಸಿಯಾಗುತ್ತದೆ. ಅಂಗಡಿಯಲ್ಲಿಟ್ಟು ಮಾರುವುದಾದರೆ ಅಂಗಡಿಯವರು ಬೆಲೆಯಲ್ಲಿ ಮೂರನೇ ಒಂದರಿಂದ ಅರ್ಧದವರೆಗೆ ಇಟ್ಟುಕೊಳ್ಳುವುದು ರೂಢಿ. ತಯಾರಿಕೆಯ ಖರ್ಚು 10 ಎಂದಾದರೆ, ಬೆಲೆ 20 ಇಟ್ಟು ಅಂಗಡಿಗೆ 40% ಹೋದರೆ ನಿಮಗೆ ಬರುವುದು 12. ಅದರಲ್ಲೇ ಉಚಿತ ಪ್ರತಿಗಳ ಖರ್ಚೂ ಹೊರಡಬೇಕು. ಮೂರರಲ್ಲಿ ಒಂದು ಪ್ರತಿ ಉಚಿತವಾಗಿ ಹೋದರೆ ಎರಡರಿಂದ ಬಂದ 24ರಲ್ಲಿ ಮೂರರ ಖರ್ಚು 30 ಹೊರಡುವುದಿಲ್ಲ. ಬೆಲೆ ಖರ್ಚಿನ ಎರಡೂವರೆಯಿಂದ ಮೂರು ಪಟ್ಟು ಇಟ್ಟರಷ್ಟೇ ಮುಂದಿನ ಸಂಚಿಕೆಯ ಕಾಗದ ಬರುತ್ತದೆ. ಅಂಗಡಿಯಲ್ಲಿ ಬಿಡುವಾಗ ದಿನಾಂಕ, ಪ್ರತಿಗಳ ಸಂಖ್ಯೆ, ಬೆಲೆ, ಲೆಕ್ಕ ಕೊಡುವ ದಿನ ಬರೆದ ಚೀಟಿಗೆ ಇಬ್ಬರೂ ಸಹಿ ಹಾಕಿ. ಸ್ನೇಹ ಉಳಿಸುವುದಕ್ಕೇ ಈ ಚೀಟಿ ಬೇಕು.

ಓದಿನ ಸಂಜೆ, ಗೋಡೆ

ತಿಂಗಳಿಗೊಮ್ಮೆ, ಒಂದೇ ವಾರ, ಒಂದೇ ಜಾಗ, ಒಂದೇ ಹೊತ್ತು. ಪ್ರಚಾರಕ್ಕಿಂತ ಈ ನಿಯಮ ಹೆಚ್ಚು ಜನರನ್ನು ತರುತ್ತದೆ. ತೊಂಬತ್ತು ನಿಮಿಷದ ಕಾರ್ಯಕ್ರಮದಲ್ಲಿ ತಲಾ ಐದು ನಿಮಿಷದಂತೆ 12 ಜನ ಓದಬಹುದು: ಓದಿಗೆ 60, ಒಬ್ಬರಿಂದ ಒಬ್ಬರಿಗೆ ಬದಲಾಗಲು 12, ಉಳಿದದ್ದು ವಿರಾಮ ಮತ್ತು ಪುಸ್ತಿಕೆಯ ಮೇಜಿಗೆ. ಹದಿಮೂರನೆಯವರ ಹೆಸರನ್ನು ಮುಂದಿನ ತಿಂಗಳ ಪಟ್ಟಿಯ ಮೊದಲಿಗೆ ಬರೆಯಿರಿ. ವಿರಾಮ ನಡುವೆಯೇ ಇರಲಿ, ಕೊನೆಗಿಟ್ಟರೆ ಜನ ಮೇಜಿನ ಬಳಿ ನಿಲ್ಲದೆ ಹೊರಡುತ್ತಾರೆ. ಮೈಕಿನಿಂದ ಬಾಯಿ 10-15 ಸೆಂಟಿಮೀಟರ್ ದೂರವಿರಲಿ. ಸ್ಪೀಕರ್ ಮೈಕಿಗಿಂತ ಮುಂದೆ, ಕೇಳುಗರ ಕಡೆಗೆ ತಿರುಗಿರಬೇಕು. ಹಿಂದಿದ್ದರೆ ಅದರ ದನಿ ಮತ್ತೆ ಮೈಕಿಗೇ ಹೊಕ್ಕು ಕಿರ್ರೆನ್ನುತ್ತದೆ. ಮೂವತ್ತು ಜನರ ಕೋಣೆಗೆ ಮೈಕೇ ಬೇಡ.

ಗೋಡೆಗೆ ಕವಿತೆ ಅಂಟಿಸುವುದಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ, ಎಷ್ಟು ದಿನ, ತೆಗೆಯುವವರು ಯಾರು ಎಂಬುದೂ ಸೇರಿ. ಒಂದು ಲೋಟ ಮೈದಾವನ್ನು ಒಂದು ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಮೂರು ಲೋಟ ನೀರಿಗೆ ಸುರಿದು ತಿರುವುತ್ತ ಗಂಜಿಯಷ್ಟು ಮಂದವಾಗುವವರೆಗೆ ಬೇಯಿಸಿದರೆ ಅಂಟು ಸಿದ್ಧ. ಎರಡು ಮೂರು ದಿನಕ್ಕೆ ಹುಳಿಯುತ್ತದೆ. ಕಾಗದ ತೆಳುವಿರಬೇಕು, ದಪ್ಪ ಕಾಗದ ತನ್ನ ಬಿಗಿತದಿಂದಲೇ ಗೋಡೆ ಬಿಡುತ್ತದೆ. ಮೊದಲು ಗೋಡೆಗೆ ಹಚ್ಚಿ, ಕಾಗದವನ್ನು ಮೇಲಿನಿಂದ ಕೆಳಕ್ಕೆ ಇಳಿಬಿಟ್ಟು ನಡುವಿನಿಂದ ಅಂಚಿಗೆ ಗುಳ್ಳೆ ಸರಿಸಿ, ಮೇಲೆ ಇನ್ನೊಂದು ಕೈ ಹಚ್ಚಿ. ಇಂಕ್‌ಜೆಟ್ ಮುದ್ರಣ ನೀರಿಗೆ ಕದಡಬಹುದು, ಜೆರಾಕ್ಸ್ ತಡೆಯುತ್ತದೆ.

ಹಕ್ಕು, ಪರದೆ, ಕೊನೆಯ ಪುಟ

1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಹಕ್ಕುಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ, ಬರೆದ ಕೂಡಲೇ ಅದು ಬರೆದವರದು. ಹಾಗಾಗಿ ಸಂಪಾದಕರು ಕೇಳಿ ಪಡೆಯಬೇಕಾದ್ದು ಮೂರು ಒಪ್ಪಿಗೆ: ಈ ಸಂಚಿಕೆಯಲ್ಲಿ ಅಚ್ಚು ಹಾಕಲು, ಮರುಮುದ್ರಣಕ್ಕೆ, ಪಿಡಿಎಫ್ ಆಗಿ ಹಂಚಲು. ಮೂರನ್ನೂ ಬೇರೆ ಬೇರೆಯಾಗಿ ಕೇಳಿ. ಒಂದಕ್ಕೆ ಒಪ್ಪಿದವರು ಇನ್ನೊಂದಕ್ಕೆ ಒಪ್ಪದಿರಬಹುದು. ಕೃತಕ ಬುದ್ಧಿಮತ್ತೆಯಿಂದ (ಎಐ) ಮಾಡಿಸಿದ ಚಿತ್ರ, ಪದ್ಯಗಳನ್ನು ತೆಗೆದುಕೊಳ್ಳುತ್ತೀರೋ ಇಲ್ಲವೋ ಎಂಬುದನ್ನೂ ಆಹ್ವಾನದಲ್ಲೇ ಬರೆಯಿರಿ. ಬಂದ ಮೇಲೆ ಅನುಮಾನಪಟ್ಟು ವಿಚಾರಿಸುವುದು ಇಬ್ಬರಿಗೂ ನೋವು. ನಿಯತವಾಗಿ ಹೊರಡುವ ಪತ್ರಿಕೆಗೆ ಕೆಲವು ದೇಶಗಳಲ್ಲಿ ನೋಂದಣಿ ಬೇಕಾಗುತ್ತದೆ, ಎರಡನೇ ಸಂಚಿಕೆಗೆ ಮೊದಲೇ ನಿಮ್ಮಲ್ಲಿನ ನಿಯಮ ತಿಳಿದುಕೊಳ್ಳಿ.

ಪರದೆಯನ್ನು ಬಿಡಬೇಕಾಗಿಲ್ಲ, ಅದನ್ನೇ ನಂಬಿ ಕೂರಬಾರದು ಅಷ್ಟೇ. ಕವಿತೆಯನ್ನು ಚಿತ್ರವಾಗಿ ಹಾಕಿದಾಗ ಜೊತೆಗೆ ಪಠ್ಯವನ್ನೂ ಹಾಕಿ, ಇಲ್ಲದಿದ್ದರೆ ಕಣ್ಣು ಕಾಣದವರ ಓದುಯಂತ್ರಕ್ಕೆ ಅದು ಸರಿಯಾಗಿ ಸಿಗುವುದಿಲ್ಲ, ಹುಡುಕಿದವರಿಗೂ ಸಿಗುವುದು ಕಷ್ಟ. ಹಂಚುವ ಪಿಡಿಎಫ್‌ನಲ್ಲಿ ಪುಟಗಳು 1, 2, 3 ಎಂದು ಓದುವ ಕ್ರಮದಲ್ಲಿರಲಿ. ಮುದ್ರಣಕ್ಕೆಂದು 16 ಮತ್ತು 1 ಜೋಡಿಸಿದ ಕಡತವನ್ನೇ ಹಾಕಿಬಿಡುವ ತಪ್ಪು ಬಹಳ ಸಾಮಾನ್ಯ. ಮನೆಯಲ್ಲೇ ಅಚ್ಚು ಹಾಕಿಕೊಳ್ಳುವವರಿಗೆ ಆ ಎರಡನೆಯದನ್ನು ಪ್ರತ್ಯೇಕವಾಗಿ ಕೊಡಿ. ಸಮಿಜ್‌ದಾತ್‌ನ ಓದುಗರು ಮಾಡಿದ್ದನ್ನೇ ಅವರೂ ಮಾಡಲಿ. ಓದಿನ ಸಂಜೆಗೆ ಬಂದವರ ಮಿಂಚಂಚೆ ವಿಳಾಸಗಳನ್ನು ಒಪ್ಪಿಗೆ ಪಡೆದು ಬರೆದುಕೊಳ್ಳಿ, ಕಳಿಸುವಾಗ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದಂತೆ ಬಿಸಿಸಿಯಲ್ಲಿ ಹಾಕಿ. ಇಂಥ ನೂರು ವಿಳಾಸಗಳನ್ನು ಯಾವ ಕಂಪನಿಯೂ ನಿಮ್ಮಿಂದ ಮರೆಮಾಡಲಾರದು.

ಕೊನೆಯ ಪುಟದ ಕೆಳಗೆ ಆರೇಳು ಸಾಲು ಜಾಗ ಬಿಟ್ಟಿರಿ. ಸಂಚಿಕೆಯ ಸಂಖ್ಯೆ, ತಿಂಗಳು ಮತ್ತು ವರ್ಷ, ಎಷ್ಟು ಪ್ರತಿ ಅಚ್ಚಾಯಿತು, ಯಾವ ಫಾಂಟ್, ಯಾವ ಕಾಗದ, ಮಡಿಸಿ ಹೊಲಿದವರ ಹೆಸರು. ಎತ್ತಿಟ್ಟ ಐದರಲ್ಲಿ ಎರಡು ಪ್ರತಿ ಗ್ರಂಥಾಲಯಕ್ಕೆ ಹೋದಾಗ, ದಾಖಲಿಸುವವರಿಗೆ ಬೇಕಾಗುವ ಮಾಹಿತಿ ಇದೇ. ಅದರ ಕೆಳಗೆ ಸ್ವಲ್ಪ ದೊಡ್ಡ ಅಕ್ಷರದಲ್ಲಿ, ಮುಂದಿನ ಸಂಚಿಕೆಗೆ ಕವಿತೆ ಅಥವಾ ಚಿತ್ರ ಕಳಿಸಬೇಕಾದ ವಿಳಾಸ ಮತ್ತು ಕೊನೆಯ ದಿನಾಂಕ.